ಕೈ ಬರುವ ಹೊತ್ತು

ನಮ್ಮ ಮನೆಯಲ್ಲಿ "ಕೈ ಬಂತು" ಎಂಬ ಮಾತಿಗೆ ಒಂದೇ ಅರ್ಥ. ಆಯಿಯ ಗುಳಿಗೆ ಕೆಲಸ ಶುರು ಮಾಡಿತು ಎಂದು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಗುಳಿಗೆ ನುಂಗಿ ಅರ್ಧ ತಾಸಾಗುವುದರೊಳಗೆ ಅವಳ ಎಡಗೈಯ ನಡುಕ ಸಣ್ಣದಾಗುತ್ತ ಆಗುತ್ತ ನಿಂತುಬಿಡುತ್ತಿತ್ತು. ಬಿಗಿದುಕೊಂಡಿದ್ದ ಮುಖ ಸಡಿಲಾಗುತ್ತಿತ್ತು. ಯಾರಿಗಾದರೂ ಬೈಯಲೇಬೇಕೆಂಬ ಹುರುಪು ದನಿಗೆ ವಾಪಸು ಬರುತ್ತಿತ್ತು. ಆ ಬೈಗುಳ ಕೇಳಿಯೇ ಅವ್ವ ಅಡುಗೆಮನೆಯಿಂದ "ಕೈ ಬಂತು ನೋಡ್ರಿ" ಎಂದು ಕೂಗುತ್ತಿದ್ದಳು. ಕೆಲವು ತಾಸಿನ ಮೇಲೆ ಗುಳಿಗೆಯ ಬಲ ತೀರಿ ನಡುಕ ಮತ್ತೆ ಬರುತ್ತಿತ್ತು. ಅದಕ್ಕೆ "ಕೈ ಹೋತು" ಅನ್ನುತ್ತಿದ್ದೆವು. ಊಟ, ಪೂಜೆ, ಬೀಗರ ಬರವು, ಅಪ್ಪ ಅಮರಗೋಳದ ಅಂಗಡಿಗೆ ಹೊರಡುವ ವೇಳೆ, ಎಲ್ಲವೂ ಈ ಬರುವ ಕೈ ಹೋಗುವ ಕೈಗೆ ಹೊಂದಿಕೊಂಡು ನಡೆಯಬೇಕಿತ್ತು. ಬೇರೆ ಮಕ್ಕಳು ಗಡಿಯಾರ ನೋಡಿ ಹೊತ್ತು ಕಲಿತರೆ ನಾನು ಆಯಿಯ ಕೈ ನೋಡಿ ಕಲಿತೆ. ಹೊಟ್ಟೆಕಿಚ್ಚು ಅಂದರೇನೆಂದು ಕಲಿತದ್ದೂ ಅದೇ ಕೈಯ ಸಲುವಾಗಿ. ಈ ವಯಸ್ಸಿನಲ್ಲಿ ಅದು ಆರಿರಬೇಕಿತ್ತು. ಆರಿಲ್ಲ.

ಹುಬ್ಬಳ್ಳಿಯ ಕೇಶ್ವಾಪುರದ ಆ ಮನೆ ಒಂದರ ಹಿಂದೊಂದು ಕೋಣೆ ಇದ್ದ ಉದ್ದನೆಯ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಕಿಟಕಿಯಿಲ್ಲದ ಸಣ್ಣ ದೇವರ ಕೋಣೆ. ಜಳಕ ಮಾಡಿ ಬಂದವರು ಬೇರೆಲ್ಲೂ ಕಾಲಿಡದೆ ನೇರ ಅಲ್ಲಿಗೇ ಹೋಗಲಿ ಎಂದು ಆಯಿಯೇ ಹಟ ಹಿಡಿದು ಅಲ್ಲಿ ಕಟ್ಟಿಸಿದ್ದಂತೆ. ನೆಲಕ್ಕೆಲ್ಲ ಶಹಾಬಾದದ ಕರಿ ಪರಸಿಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಕೆನ್ನೆ ಇಟ್ಟು ಮಲಗಿದರೆ ಎಂಥ ಸಿಟ್ಟೂ ಇಳಿಯುತ್ತಿತ್ತು. ಅಪ್ಪನದು ಅಮರಗೋಳದ ಪೇಟೆಯಲ್ಲಿ ಕಾಳಿನ ದಲಾಲಿ. ಅವನ ಅಂಗಿಯಿಂದ ಯಾವಾಗಲೂ ಗೋಣಿಚೀಲದ ವಾಸನೆ. ನಾನು ಒಬ್ಬಳೇ ಮಗಳು. ಆ ಮನೆಯಲ್ಲಿ ಏನಿದ್ದರೂ ಮೊದಲು ನನಗೆ, ಆಮೇಲೆ ಉಳಿದವರಿಗೆ ಎಂದು ತಿಳಿದು ಬೆಳೆದವಳು. ಆಯಿಯನ್ನೂ ಆ ಲೆಕ್ಕದಲ್ಲೇ ಹಿಡಿದಿದ್ದೆ.

ಆಯಿಯ ಕೈ ಕೆಟ್ಟಿತೆಂದು ಮೊದಲು ಹೇಳಿದ್ದು ರೊಟ್ಟಿ. ಅವಳು ರೊಟ್ಟಿ ಬಡಿಯುವಾಗ ಬಲಗೈ ತಟ್ಟುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಆ ಸಪ್ಪಳಕ್ಕೆ ನಾನು ಏಳುತ್ತಿದ್ದೆ. ಒಂದು ಚಳಿಗಾಲ ಆ ಸಪ್ಪಳ ತಡವರಿಸಿತು. ರೊಟ್ಟಿಗಳು ಒಂದು ಮಗ್ಗುಲು ತೆಳ್ಳಗೆ, ಒಂದು ಮಗ್ಗುಲು ದಪ್ಪ ಆಗತೊಡಗಿದವು. ಹಿಟ್ಟು ಸರಿಯಿಲ್ಲ ಎಂದು ಅವಳು ಅವ್ವನಿಗೆ ಬೈದಳು, ಗಿರಣಿಯವನಿಗೆ ಬೈದಳು. ಆಮೇಲೆ ಸುಮ್ಮನೆ ಕೂತಾಗಲೂ ಎಡಗೈ ತೊಡೆಯ ಮೇಲೆ ತಾನಾಗಿಯೇ ಅಲುಗಾಡತೊಡಗಿತು, ಹೆಬ್ಬೆರಳು ತೋರುಬೆರಳು ಸೇರಿ ಕಾಣದ ವಿಭೂತಿ ತಿಕ್ಕುತ್ತಿರುವ ಹಾಗೆ. ಓಣಿಯವರು ವಾಯು ಅಂದರು, ಎಣ್ಣೆ ಬಿಸಿ ಮಾಡಿ ತಿಕ್ಕಿಸಿದರು. ಕೊನೆಗೆ ಅಪ್ಪ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಅವರು ಆಯಿಯನ್ನು ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು, ಬೆರಳು ಬೆರಳಿಗೆ ತಟ್ಟಿಸಿದರು, ಮಿದುಳಿನಲ್ಲಿ ಒಂದು ರಸ ಕಡಿಮೆಯಾಗಿದೆ ಎಂದರು. ಮನೆಗೆ ಬಂದು ಆಯಿ ಪಡಸಾಲೆಯಲ್ಲಿ ಕೂತವಳೇ ಸಾರಿದಳು:

"ಮಿದುಳಿನ ರಸ ಬತ್ತೇತಂತ. ಎಲ್ಲಾರೂ ಕೂಡಿ ಹೀರೀರಿ, ಬತ್ತದ ಏನ ಮಾಡೀತು?"

ಮೊದಲು ಕೊಟ್ಟದ್ದು ಒಂದು ಸಣ್ಣ ಬಿಳಿ ಗುಳಿಗೆ. ಅದು ನಡುಕವನ್ನು ಸ್ವಲ್ಪ ತಗ್ಗಿಸಿತು, ಆದರೆ ಆಯಿಯ ಬಾಯಿ ಒಣಗಿಸಿತು, ತಲೆ ಗೊಂದಲ ಮಾಡಿತು. ಗೋಡೆಯ ಮೇಲೆ ಇರುವೆ ಸಾಲು ಹೊರಟಿದೆ ಅನ್ನುತ್ತಿದ್ದಳು. ಗೋಡೆ ಖಾಲಿ ಇರುತ್ತಿತ್ತು. ಅವ್ವ "ಇಲ್ರೀ ಅತ್ತೀರಿ, ಏನೂ ಇಲ್ಲ" ಎಂದು ವಾದಿಸುತ್ತಿದ್ದಳು. ಅಪ್ಪ ಗಾಬರಿಯಾಗಿ ಹೊರಗೆ ಹೋಗುತ್ತಿದ್ದ. ನಾನು ಮಾತ್ರ ಕಸಬರಿಗೆ ತಂದು ಗುಡಿಸುತ್ತಿದ್ದೆ. "ಅಲ್ಲೊಂದು ಉಳೀತು ನೋಡು" ಅಂದರೆ ಅದನ್ನೂ ಗುಡಿಸುತ್ತಿದ್ದೆ. ಮುಗಿದ ಮೇಲೆ ಆಯಿ ನನ್ನ ಗದ್ದ ಹಿಡಿದು "ಈ ಮನ್ಯಾಗ ಕಣ್ಣಿದ್ದಾಕಿ ನೀ ಒಬ್ಬಾಕಿನ" ಅನ್ನುತ್ತಿದ್ದಳು. ಆ ಇರುವೆ ನನಗೂ ಕಾಣುತ್ತಿರಲಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದರೆ ಆ ಜಾಗ ಹೋಗುತ್ತಿತ್ತು. ಇದನ್ನು ನೆನಪಿಡಿ, ಮುಂದೆ ನನ್ನ ಪರ ವಾದಿಸಲು ನನಗೆ ಬೇಕಾಗುತ್ತದೆ.

ಡಾಕ್ಟರು ಆ ಬಿಳಿ ಗುಳಿಗೆ ಬಿಡಿಸಿ ಹಳದಿ ಗುಳಿಗೆ ಕೊಟ್ಟರು. ಲೆವೊಡೋಪಾ ಎಂಬ ಅದರ ಹೆಸರು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅದು ಬರೀ ಗುಳಿಗಿ. ಇರುವೆಗಳು ಹೋದವು, ಕೈ ಬರತೊಡಗಿತು. ಆದರೆ ಆ ಗುಳಿಗೆಯ ಮಡಿ ಆಯಿಯ ಮಡಿಗಿಂತ ಹೆಚ್ಚಿನದು. ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ನುಂಗಿದ ಮೇಲೆ ಅರ್ಧ ತಾಸು ಏನೂ ತಿನ್ನಬಾರದು. ಹಾಲು, ಮೊಸರು, ಕಾಳು ಅದರ ಹತ್ತಿರ ಸುಳಿಯಬಾರದು. ಕಾಳಿನ ಸತ್ವವೂ ಗುಳಿಗೆಯ ಸತ್ವವೂ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು, ಕಾಳು ಮುಂಚೆ ನುಗ್ಗಿದರೆ ಗುಳಿಗೆ ಹೊರಗೇ ನಿಲ್ಲುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೀಗಾಗಿ ಕಡಲೆಹಿಟ್ಟಿನ ಜುಣಕಾ, ಮಡಕಿಕಾಳು, ಹೆಸರುಕಾಳು ಎಲ್ಲ ರಾತ್ರಿ ಊಟಕ್ಕೆ ಸರಿದವು. ಒಬ್ಬರಿಗೊಂದು ಅಡುಗೆ ಮಾಡಲು ಆಗುವುದಿಲ್ಲ ಎಂದು ಅವ್ವ ಎಲ್ಲರಿಗೂ ಹಗಲು ಸೊಪ್ಪು, ಬದನೆಕಾಯಿ, ಕೆಂಪು ಚಟ್ನಿಯನ್ನೇ ಹಾಕಿದಳು. ದಿನವೆಲ್ಲ ಕಾಳಿನ ಮೇಲೆ ಕೈಯಾಡಿಸುವ ಅಪ್ಪ ತನ್ನ ತಾಟಿನಲ್ಲಿ ಒಂದು ಕಾಳು ಕಾಣದೆ ಗೊಣಗುತ್ತಿದ್ದ. ಆಯಿಯಂತೂ ಕಟ್ಟೆಯ ಮೇಲೆ ಕೂತು ದಾರಿಹೋಕರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು:

"ಮನ್ಯಾಗ ಎಮ್ಮಿ ಹಾಲು ಬರ್ತೈತಿ, ಗಡಿಗಿ ತುಂಬ ಮೊಸರೈತಿ. ನಮ್ಮ ಸೊಸಿಗೆ ನಂಗೊಂದು ಸೌಟು ಹಾಕಾಕ ಕೈ ಬರೂದಿಲ್ಲ ನೋಡ್ರಿ."

"ನನ್ನ ಕೈ ಅಲ್ರೀ, ನಿಮ್ಮ ಕೈ ಬರೂದಿಲ್ಲ ಅದಕ್ಕ" ಎಂದು ಅವ್ವ ಒಳಗಿನಿಂದ ಉತ್ತರ ಕೊಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಬಂದವಳು ಕಸ್ತೂರಿ. ಅವ್ವನ ಅಕ್ಕನ ಮಗಳು, ಶಿರಗುಪ್ಪಿಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಹುಬ್ಬಳ್ಳಿಯ ಸಾಲಿ ಛಲೋ ಎಂದು ದೊಡ್ಡವ್ವ ಕಳಿಸಿದ್ದಳು. ಅಕ್ಕಾ ಅನ್ನು ಎಂದು ಅವ್ವ ಎಷ್ಟು ಹೇಳಿದರೂ ನಾನು ಕಸ್ತೂರಿ ಎಂದೇ ಕರೆದೆ. ಅವಳಿಗೆ ಮಾತು ಕಡಿಮೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ತೊಟ್ಟು ಕಿತ್ತು ಗಟ್ಟಿಯಾದ ಅಗಲ ಕೈ. ನನ್ನ ಮಂಚದ ಅರ್ಧ, ನನ್ನ ಕನ್ನಡಿಯ ಅರ್ಧ ಅವಳಿಗೆ ಹೋಯಿತು. ಅದನ್ನೆಲ್ಲ ನಾನು ನುಂಗಿಕೊಂಡೆ. ಯಾಕೆಂದರೆ ಆಯಿ ನನ್ನವಳು. ಕಸ್ತೂರಿಗೆ ಅವಳು ರಕ್ತಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ, ಚಿಗವ್ವನ ಅತ್ತೆ, ಅಷ್ಟೆ.

ಪೂಜೆಯ ತೊಡಕು ಶುರುವಾದದ್ದು ಅದೇ ವರ್ಷ. ಆಯಿ ನಸುಕಿನಲ್ಲಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಲಗೈಯಿಂದ ಪತ್ರಿ ಏರಿಸಿ, ಅದರ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದಳು. ಪೂಜೆಯಾಗುವ ತನಕ ಬಾಯಿಗೆ ಹನಿ ನೀರಿಲ್ಲ. ಆದರೆ ಇಡೀ ದಿನದಲ್ಲಿ ಕೈ ಎಲ್ಲಕ್ಕಿಂತ ಹೆಚ್ಚು ನಡುಗುತ್ತಿದ್ದುದು ಆ ನಸುಕಿನಲ್ಲೇ. ರಾತ್ರಿಯ ಗುಳಿಗೆಯ ಬಲ ಅಷ್ಟೊತ್ತಿಗೆ ಪೂರ್ತಿ ತೀರಿರುತ್ತಿತ್ತು. ಗುಳಿಗೆ ಇಲ್ಲದೆ ಕೈ ಬರುವುದಿಲ್ಲ, ಕೈ ಬರದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಗುಳಿಗೆ ಇಲ್ಲ. ಅಂಗೈಯ ಲಿಂಗ ಜಾರಿ ನೆಲಕ್ಕೆ ಬೀಳುವುದೆಂದರೆ ಆಯಿಯ ಕಾಲದವರಿಗೆ ಜೀವವೇ ಬಿದ್ದ ಹಾಗೆ. ಅಪ್ಪ ಒಂದು ದಿನ ಧೈರ್ಯ ಮಾಡಿ ಕೇಳಿದ:

"ಯವ್ವಾ, ಮೊದಲ ಗುಳಿಗಿ ತಗೊ. ಕೈ ಬಂದ ಮ್ಯಾಲ ಪೂಜಿ ಮಾಡ್ಕೊ. ಅದರಾಗ ತಪ್ಪೇನೈತಿ?"

"ಇಷ್ಟು ವರ್ಷ ಪೂಜಿಗಿಂತ ಮೊದಲ ನೀರ ಮುಟ್ಟಿಲ್ಲ ನಾ. ಈಗ ಗುಳಿಗಿ ನುಂಗ್ಲ್ಯಾ?"

"ಹಂಗಾರ ಮಠದ ಅಯ್ಯನೋರನ್ನ ಕೇಳೂಣು."

"ಅವರ್ನ ಕೇಳೂದು ಬ್ಯಾಡ. ಅವರು ಹೂಂ ಅಂದ್ರ ನಾ ನುಂಗಬೇಕಾಗ್ತೈತಿ."

ಮಣೆಯ ಮೇಲೆ ಲಿಂಗ ಇಟ್ಟು ಪೂಜೆ ಮಾಡಿಕೊಳ್ಳಿರಿ ಎಂದು ಅವ್ವ ಅಂದಾಗ ಆಯಿ ಕರಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು ಮುಖ ತಿರುಗಿಸಿದಳು. ಉಳಿದದ್ದು ಒಂದೇ ದಾರಿ. ಯಾರಾದರೂ ಎದುರು ಕೂತು, ಲಿಂಗಕ್ಕೆ ತಾಗದ ಹಾಗೆ, ಅವಳ ಎಡಗೈಯನ್ನು ಕೆಳಗಿನಿಂದ ಹಿಡಿಯಬೇಕು. ಅಪ್ಪ ಆ ಹೊತ್ತಿಗೆ ಅಮರಗೋಳಕ್ಕೆ ಹೊರಟಿರುತ್ತಿದ್ದ. ಅವ್ವನ ಕೈ ಆಯಿಗೆ ಸೇರುತ್ತಿರಲಿಲ್ಲ. ಅಂದರೆ ನಾನೇ ಎಂದು ತಿಳಿದು ಜಳಕ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ದೇವರ ಕೋಣೆಯ ಹೊಸ್ತಿಲ ಹೊರಗೆ ಹೋಗಿ ಕೂತೆ. ಆಯಿ ಒಳಗಿನಿಂದ ಕರೆದಳು:

"ಕಸ್ತೂರೀ, ಬಾಯಿಲ್ಲೆ. ಬಾಗಲಾ ಮುಂದ ಮಾಡು."

ನನ್ನನ್ನು ದಾಟಿಕೊಂಡೇ ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಆಯಿ ಏನೋ ಸಣ್ಣ ದನಿಯಲ್ಲಿ ಹೇಳಿದಳು, ಬಹಳ ಹೊತ್ತು ಹೇಳಿದಳು. ಕಸ್ತೂರಿಯ ಉತ್ತರ ಮಾತ್ರ ಒಂದೇ ಶಬ್ದದ್ದು. ಬಾಗಿಲು ತೆರೆದು ಪೂಜೆ ಶುರುವಾದಾಗ ಕಂಡದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ದೀಪದ ಈ ಕಡೆ ಆಯಿ, ಆ ಕಡೆ ಕಸ್ತೂರಿ, ನಡುವೆ ಆಯಿಯ ಅಂಗೈ, ಅದರ ಕೆಳಗೆ ಆ ಅಗಲ ಕೈಗಳು. ಆಯಿಯ ಕೈ ನಿಂತಿತ್ತು. ಗುಳಿಗೆ ಇಲ್ಲದೆ ನಿಂತಿತ್ತು. ನನಗೆ ಹೊಟ್ಟೆಯೊಳಗೆ ಯಾರೋ ಒಲೆ ಹೊತ್ತಿಸಿದ ಹಾಗಾಯಿತು. ಇಲ್ಲದ ಇರುವೆ ಗುಡಿಸಲು ನಾನು, ಕೈ ಹಿಡಿಯಲು ಅವಳು!

ಅಂದಿನಿಂದ ದಿನಾಲೂ ಅದೇ. ಮನೆಯಲ್ಲಿ ಯಾರಿಗೂ ಇಲ್ಲದ ಒಂದು ಗತ್ತು ಅವಳಿಗೆ ಬಂದಿದೆ ಎಂದು ನನಗೆ ಅನಿಸುತ್ತಿತ್ತು, ಅವಳು ಮೊದಲಿನಷ್ಟೇ ಸುಮ್ಮನಿದ್ದರೂ. ಪೂಜೆ ಮುಗಿದ ಮೇಲೆ ಆಯಿ ಮೊದಲು ಅವಳ ಕೈಗೇ ಕಲ್ಲುಸಕ್ಕರೆ ಹಾಕುತ್ತಿದ್ದಳು. ಸಾಲಿಗೆ ಹೋಗುವಾಗ ಅವಳ ಬೆರಳುಗಳಿಂದ ಆಯಿಯ ವಿಭೂತಿಯ ವಾಸನೆ ಬರುತ್ತಿತ್ತು. ರಾತ್ರಿ ಅದೇ ಕೈ ನನ್ನ ಮಂಚದ ಮೇಲೆ, ನನ್ನ ಕೌದಿಯ ಮೇಲೆ. ನಾನು ಅವಳ ಸಂಗಡ ಮಾತು ಬಿಟ್ಟೆ. ಅವಳು ಏನೂ ಕೇಳದೆ ತನ್ನ ಪಾಲಿನ ಕಲ್ಲುಸಕ್ಕರೆಯನ್ನು ನನ್ನ ದಪ್ತರಚೀಲದ ಮೇಲೆ ಇಡತೊಡಗಿದಳು. ತಿಂದೆ. ಕಲ್ಲುಸಕ್ಕರೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ತಿನ್ನುವಾಗಲೂ, ಇದು ಅವಳಿಗೆ ಸಿಕ್ಕಿದ್ದು, ನನಗೆ ದಾನ ಬಂದದ್ದು ಎಂದು ಉರಿಯುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ, ಕೈ ಬಂದ ಹೊತ್ತು ನೋಡಿ, ಆಯಿಯನ್ನು ಕೇಳಿಯೇಬಿಟ್ಟೆ:

"ಆಯೀ, ನಾಳಿ ನಾ ಹಿಡೀಲ್ಯಾ?"

"ಬ್ಯಾಡವಾ, ನಿನ್ನ ಕೈ ತಣ್ಣಗದಾವು."

ಮರುದಿನ ಬಚ್ಚಲ ಒಲೆಯ ಮುಂದೆ ಕೂತು, ಹಂಡೆಯ ನೀರು ಕಾಯುವ ತನಕ ಕೈ ಕಾಯಿಸಿಕೊಂಡೆ. ಕೆಂಪಗಾದ ಕೈ ಒಯ್ದು ಆಯಿಯ ಕೆನ್ನೆಗೆ ಇಟ್ಟೆ. "ಅಯ್ಯ, ಬೆವತಾವಲ್ಲ ಇವು, ಜಾರ್ತಾವು" ಅಂದಳು. ಒರೆಸಿಕೊಂಡು ಹೋದೆ. "ನೀ ಎಡಚಿ. ಎಡಚರ ಕೈ ಹಿಡಿಯಾಕ ಬರೂದಿಲ್ಲ" ಅಂದಳು. ಎಡಗೈಯವಳಾದದ್ದಕ್ಕೆ ನಾನು ಅತ್ತದ್ದು ಅದೊಂದೇ ಸಲ. ಆಮೇಲೆ ಅಳುವುದು ಬಿಟ್ಟು ಅಭ್ಯಾಸಕ್ಕೆ ಬಿದ್ದೆ. ನೀರು ತುಂಬಿದ ಹಿತ್ತಾಳೆಯ ವಾಟೆಯನ್ನು ಎಡ ಅಂಗೈ ಮೇಲೆ ಇಟ್ಟು, ಬಲಗೈಯಿಂದ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಒಂದು ಹನಿ ಚೆಲ್ಲದ ಹಾಗೆ ಅಂಗಳದ ತುಂಬ ನಡೆಯುತ್ತಿದ್ದೆ. ಗಟ್ಟಿ ಹಿಡಿಯುವುದರಲ್ಲಿ ಕಸ್ತೂರಿ ನನ್ನ ಮುಂದೆ ಏನೂ ಅಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಕೆಂಪಗೆ ಮೂಡುತ್ತಿತ್ತು.

ಲಿಂಗ ಬಿದ್ದದ್ದು ಮಾಗಿಯ ಚಳಿಯ ಒಂದು ಶನಿವಾರ. ಆ ವರ್ಷ ಆಯಿಯ ರೋಗ ಒಂದು ಮೆಟ್ಟಿಲು ಏರಿತ್ತು. ನಸುಕಿನಲ್ಲಿ ಬರೀ ನಡುಕವಲ್ಲ, ತೋಳೆಲ್ಲ ಕಟ್ಟಿಗೆಯ ಹಾಗೆ ಬಿಗಿಯುತ್ತಿತ್ತು, ನಡುನಡುವೆ ಒಮ್ಮೆಲೇ ಜಗ್ಗುತ್ತಿತ್ತು. ನಾನು ನನ್ನ ಎಂದಿನ ಜಾಗದಲ್ಲಿ, ಹೊಸ್ತಿಲ ಹೊರಗೆ, ಕೂತಿದ್ದೆ. ಆಯಿ ಪತ್ರಿ ಏರಿಸುತ್ತಿದ್ದಳು. ತೋಳು ಭುಜದಿಂದಲೇ ಜಗ್ಗಿತು. ಕಸ್ತೂರಿಯ ಕೈಯೂ ಅದರ ಸಂಗಡವೇ ಎದ್ದಿತು. ಲಿಂಗ ಪತ್ರಿಯ ಮೇಲಿಂದ ಉರುಳಿ, ತಾಮ್ರದ ತಂಬಿಗೆಗೆ ಬಡಿದು, ಪರಸಿಯ ಮೇಲೆ ಬಿತ್ತು. ಸಣ್ಣ ಸಪ್ಪಳ. ಆದರೆ ಅಡುಗೆಮನೆಯಲ್ಲಿ ರೊಟ್ಟಿಯ ಬಡಿತ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಯಾರೂ ಏನೂ ಕೇಳುವ ಮೊದಲೇ ಕಸ್ತೂರಿ, ಪಾಠ ಒಪ್ಪಿಸಿದ ಹಾಗೆ, ಹೇಳಿದಳು:

"ನನ್ನ ಕೈ ಜಾರಿತು. ತಪ್ಪು ನಂದ."

ಅವ್ವ ಅವಳ ಕೆನ್ನೆಗೆ ಹೊಡೆದಳು. ತನ್ನ ತವರಿನ ಹುಡುಗಿ ಎಂದೇ ಮೊದಲು ಹೊಡೆದಳೆಂದು ಕಾಣುತ್ತದೆ, ಅತ್ತೆ ಏನಾದರೂ ಅನ್ನುವ ಮೊದಲೇ ತಾನೇ ದಂಡಿಸಿಬಿಡೋಣ ಎಂದು. ಕೆನ್ನೆಯ ಮೇಲೆ ಬಿಳಿ ಹಿಟ್ಟಿನ ಬೆರಳು ಮೂಡಿದವು. ಕಸ್ತೂರಿ ಆಯಿಯ ಕಡೆ ನೋಡಿದಳು. ಆಯಿ ಲಿಂಗವನ್ನು ಎತ್ತಿ, ಕಣ್ಣಿಗೆ ಒತ್ತಿಕೊಂಡು, ಕರಡಿಗೆಯಲ್ಲಿ ಇಟ್ಟುಕೊಂಡಳು. ಒಂದು ಮಾತೂ ಆಡಲಿಲ್ಲ. ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಆಯಿತು. ಬಂದವರು ಆಯಿಯನ್ನು ಸಮಾಧಾನ ಮಾಡುತ್ತ, ಕಸ್ತೂರಿಗೆ ಕೇಳುವ ಹಾಗೆ, ಕೈ ಹಿಡಿದವರಿಗೆ ಎಚ್ಚರ ಬೇಡವೇ ಎಂದು ಹೋದರು. ಐತವಾರ ಅವಳ ಅಪ್ಪ ಬಂದು ಕರೆದುಕೊಂಡು ಹೋದ. ಆಯಿ ಪಡಸಾಲೆಗೂ ಬರಲಿಲ್ಲ. "ಅತ್ತಿಯವರ ಕೈ ಹೋಗೇತಿ, ಏಳಾಕ ಬರೂದಿಲ್ಲ" ಎಂದು ಅವ್ವ ಹೇಳಿದಳು. ಕಸ್ತೂರಿ ಬಾಗಿಲಲ್ಲಿ ನಿಂತು ಒಳಗಿನ ಕತ್ತಲೆಗೆ ಕೈ ಮುಗಿದಳು.

ಅವಳ ಮೇಲೆ ನನಗೆ ಕನಿಕರ ಬಂದಿತು, ಸುಳ್ಳು ಹೇಳುವುದಿಲ್ಲ. ಮಂಚ ಅಗಲವಾಯಿತು ಎಂಬುದೂ ತಿಳಿಯಿತು. ಎಲ್ಲಕ್ಕಿಂತ ಹೆಚ್ಚು ತಿಳಿದದ್ದು, ಆ ಜಾಗ ಈಗ ಖಾಲಿ ಇದೆ ಎಂಬುದು. ಸೋಮವಾರ ನಸುಕಿಗೆ ಎದ್ದು ಜಳಕ ಮಾಡಿ, ಕೈ ಕಾಯಿಸಿ, ಬೆವರು ಒರೆಸಿ ಹೋದೆ. ಈ ಸಲ ಹೊಸ್ತಿಲ ಹೊರಗಲ್ಲ, ಒಳಗೇ ಹೋಗಿ ದೀಪದ ಆ ಕಡೆ ಕೂತು ಎರಡೂ ಕೈ ಚಾಚಿದೆ. ಲಿಂಗ ಬಿದ್ದಾಗಿನಿಂದ ಆಯಿ ಪೂಜೆಗೆ ಅದನ್ನು ಹೊರಗೆ ತೆಗೆದಿರಲಿಲ್ಲ. ಪೂಜೆ ಇಲ್ಲದ್ದಕ್ಕೆ ಊಟವಿಲ್ಲ, ಗುಳಿಗೆಯಿಲ್ಲ. ಅವ್ವ ಅತ್ತು ಕಾಲು ಹಿಡಿದಾಗ ಒಂದಿಷ್ಟು ನೀರು ಕುಡಿದಿದ್ದಳು. ಮುಖವೆಲ್ಲ ಬಿಗಿದು ಮಣ್ಣಿನ ಗೊಂಬೆಯ ಹಾಗಾಗಿತ್ತು. ನನ್ನ ಚಾಚಿದ ಕೈ ನೋಡಿದಳು. ಆಮೇಲೆ, ಅಂದು ಅಂಗಡಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ ಅಪ್ಪನನ್ನು ಕೂಗಿ ಹೇಳಿದಳು:

"ಅಯ್ಯನೋರನ್ನ ಕರೀರಿ. ಕೇಳೂಣು."

ಅಯ್ಯನವರು ಬಂದರು. ಲಿಂಗವನ್ನು ದೀಪದ ಬೆಳಕಿಗೆ ಹಿಡಿಸಿ ನೋಡಿದರು. ಎಲ್ಲೂ ಬಿರಿದಿರಲಿಲ್ಲ. ಅವರು ಮಾತನಾಡುವಾಗ ನಗುತ್ತಲೇ ಇದ್ದರು:

"ಯವ್ವಾ, ನಡುಗೂದು ರೋಗ, ಪಾಪ ಅಲ್ಲ. ಕೊರಳಾಗ ಲಿಂಗ ಐತಲ್ಲ, ಗುಳಿಗಿನ್ನ ಮೊದಲ ಅದಕ್ಕ ತೋರಸ್ರಿ. ತೋರಿಸಿದ ಮ್ಯಾಲ ಅದು ಗುಳಿಗಿ ಅಲ್ಲ, ಪ್ರಸಾದ. ಪ್ರಸಾದ ತಗೊಂಡು, ಕೈ ಬಂದ ಮ್ಯಾಲ ಸಾವಕಾಶ ಪೂಜಿ ಮಾಡ್ಕೋರಿ."

ಆಯಿ ಅಲ್ಲೇ, ಅವರೆದುರಿಗೇ, ಹಳದಿ ಗುಳಿಗೆಯನ್ನು ಕರಡಿಗೆಗೆ ಮುಟ್ಟಿಸಿ ನುಂಗಿದಳು. ಅರ್ಧ ತಾಸಿನಲ್ಲಿ ಕೈ ಬಂತು. ಯಾರೂ ಹಿಡಿಯದೆ, ಒಬ್ಬಳೇ ಪೂಜೆ ಮಾಡಿಕೊಂಡಳು. ಮರುದಿನವೂ ಹಾಗೆಯೇ, ಆಮೇಲೆ ಬದುಕಿದ್ದಷ್ಟು ದಿನವೂ ಹಾಗೆಯೇ. ವರ್ಷಗಳು ಕಳೆದಂತೆ ಗುಳಿಗೆ ಹೆಚ್ಚಾಗಿ, ಕೈ ಬಂದಾಗ ಮೈಯೆಲ್ಲ ತೊನೆಯುವ ಇನ್ನೊಂದು ಕಾಟ ಶುರುವಾಯಿತು. ಆಗಲೂ ಅವಳು ಗೋಡೆಗೆ ಒರಗಿ, ಮೊಣಕೈಯನ್ನು ದಿಂಬಿಗೆ ಊರಿ, ಹೇಗೋ ನಡೆಸಿದಳೇ ಹೊರತು ನನ್ನನ್ನು ಕರೆಯಲಿಲ್ಲ. ಜೀವಮಾನದ ನೇಮವನ್ನು ಮುರಿದು ಗುಳಿಗೆ ನುಂಗಿದಳು, ನನ್ನ ಕೈ ಮಾತ್ರ ಬೇಡವಾಯಿತು. ಇದನ್ನು ನಾನು ಮದುವೆಯಾದಾಗಲೂ ಮರೆಯಲಿಲ್ಲ, ಆಯಿ ಹೋದಾಗಲೂ ಮರೆಯಲಿಲ್ಲ. ಅವಳ ಹೆಣದ ಮುಂದೆ ಕೂತು ಅಳುವಾಗ, ಬಾಗಿಲಲ್ಲಿ ಶಿರಗುಪ್ಪಿಯಿಂದ ಬಂದ ಕಸ್ತೂರಿಯನ್ನು ಕಂಡು, ಇವಳಿಗೆ ಅಳಲು ನನಗಿಂತ ಹೆಚ್ಚು ಕಾರಣವಿದೆ ಎಂದು ಅಲ್ಲಿಯೂ ಹೊಟ್ಟೆ ಉರಿದವಳು ನಾನು.

ಕಸ್ತೂರಿ ಆಮೇಲೆ ಊರಿನಲ್ಲೇ ಓದಿದಷ್ಟು ಓದಿ, ಅಲ್ಲೇ ಮದುವೆಯಾದಳು. ಹೋದ ತಿಂಗಳು ಅವಳು ಮತ್ತು ಅವಳ ಗಂಡ ಮೆಣಸಿನಕಾಯಿ ಮಾರಲು ಅಮರಗೋಳಕ್ಕೆ ಬಂದಿದ್ದರು. ಗಂಡನನ್ನು ಅಲ್ಲೇ ಬಿಟ್ಟು ಅವಳು ಮಧ್ಯಾಹ್ನದ ಊಟಕ್ಕೆ ಕೇಶ್ವಾಪುರಕ್ಕೆ ಬಂದಳು. ಅಪ್ಪ ಅವ್ವ ಹೋದ ಮೇಲೆ ನಾನು, ನನ್ನ ಗಂಡ ಇರುವುದು ಅದೇ ಮನೆಯಲ್ಲಿ. ಅಡುಗೆಮನೆಯ ಪರಸಿಯ ಮೇಲೆ ಎದುರುಬದುರು ಕೂತೆವು. ತಾಟು ನೋಡಿ ಅವಳು ನಕ್ಕಳು.

"ಹಗಲೊತ್ತಿನಾಗ ಜುಣಕಾ ಮಾಡೀಯಲ್ಲ ಸುಮ್ಮಿ! ನಿಮ್ಮಾಯಿ ಕೈ ಹೋಗ್ತೈತಿ ನೋಡು."

ನಾನೂ ನಕ್ಕೆ. ನಕ್ಕ ಮೇಲೆ, ಇಷ್ಟು ವರ್ಷ ಬಾಯಿಗೆ ಬಂದು ಬಂದು ಹಿಂದೆ ಹೋಗಿದ್ದ ಮಾತು ಹೊರಗೆ ಬಂದುಬಿಟ್ಟಿತು.

"ಆಯಿ ನನ್ನ ಬಿಟ್ಟು ನಿನ್ನ ಯಾಕ ಕರದ್ಲು?"

ಕಸ್ತೂರಿ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದಳು.

"ಅಯ್ಯ, ನಿಂಗ ಗೊತ್ತಿಲ್ಲೇನು? ಮೊದಲನೇ ದಿನಾನ ಬಾಗಲಾ ಮುಂದ ಮಾಡಿಸಿ ಹೇಳಿದ್ರಲ್ಲ. 'ಇದು ಒಂದಿಲ್ಲೊಂದು ದಿನಾ ಬೀಳೂದ ಐತಿ, ನನ್ನ ಕೈ ನಂಗ ಗೊತ್ತೈತಿ. ಬಿದ್ರ ಹಿಡದಾಕಿನ್ನ ಮಂದಿ ಜೀವ ಇರೂತನಕ ಆಡ್ಕೋತಾರ. ನನ್ನ ಮಮ್ಮಗಳ ಮ್ಯಾಲ ಅದು ಬರಬಾರದು. ನಾ ನಿನ್ನ ಪರ ಮಾತಾಡೂದಿಲ್ಲ, ಮೊದಲ ಹೇಳತೇನಿ. ಹಿಡೀತಿಯೇನು?' ಅಂದ್ರು."

"ನೀ ಏನಂದಿ?"

"ಹೂಂ ಅಂದೆ."

"ಯಾಕ ಅಂದಿ?"

ಅವಳು ತಾಟಿನಲ್ಲಿ ಉಳಿದದ್ದನ್ನು ಬಳಿದು ಬಾಯಿಗೆ ಹಾಕಿಕೊಂಡಳು. ಸಿಟ್ಟಿನ ಗುರುತು ಎಲ್ಲೂ ಇರಲಿಲ್ಲ.

"ನಮ್ಮವ್ವ ನನ್ನ ಕೇಳದ ಇಲ್ಲಿಗೆ ಕಳಿಸಿದ್ಲು. ಚಿಗವ್ವ ಕೇಳದ ಇಟ್ಕೊಂಡ್ಲು. ಹಿಡೀತಿಯೇನು ಅಂತ ಕೇಳಿದವರು ನಿಮ್ಮಾಯಿ ಒಬ್ರ."

ಹಿಟ್ಟಿನ ಬೆರಳು ಮೂಡಿದ ಆ ಕೆನ್ನೆ ನನ್ನ ಎದುರಿಗೇ ಇತ್ತು, ಈಗ ಸುಕ್ಕು ಬಿದ್ದಿತ್ತು. ಆ ಪೆಟ್ಟು ನನ್ನ ಪಾಲಿನದು. ಅದರ ಬೆನ್ನಿಗೇ, ಆಯಿಗೆ ನಾನೇ ಹೆಚ್ಚಿನವಳಾಗಿದ್ದೆ ಎಂಬ ಹಿಗ್ಗು ನಾಚಿಕೆಯಿಲ್ಲದೆ ಬಂದಿತು. ಆದರೆ ಅದು ನಿಲ್ಲಲಿಲ್ಲ. ತಣ್ಣಗಿನ ಕೈ, ಬೆವರಿನ ಕೈ, ಎಡಚಿ ಎಂದು ನನಗೆ ಮೂರು ಸುಳ್ಳು ಹೇಳಿದ ಆಯಿ, ಪರ ಊರಿನ ಆ ಹುಡುಗಿಯನ್ನು ಎದುರು ಕೂರಿಸಿಕೊಂಡು ಖರೇ ಹೇಳಿದ್ದಳು. ಬೀಳುತ್ತದೆ ಎಂದು ಹೇಳಿದ್ದಳು, ಹಿಡಿಯುತ್ತೀಯಾ ಎಂದು ಕೇಳಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಹೊಟ್ಟೆಯೊಳಗಿನ ಆ ಹಳೆಯ ಒಲೆ ಮತ್ತೆ ಹೊತ್ತಿಕೊಂಡಿತು.

"ಹೆಂಗ ಹಿಡೀತಿದ್ದಿ, ತೋರ್ಸು" ಅಂದೆ.

ಅವಳು ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು, ನನ್ನ ಎಡಗೈಯನ್ನು ಅಂಗೈ ಮೇಲಾಗಿ ಇಡಿಸಿದಳು. ಒಂದು ಕೈಯನ್ನು ಅದರ ಕೆಳಗೆ ಹಾಸಿದಳು. ಇನ್ನೊಂದರ ಎರಡು ಬೆರಳನ್ನು ಮಣಿಕಟ್ಟಿಗೆ ತಾಗಿಯೂ ತಾಗದ ಹಾಗೆ ಇಟ್ಟಳು.

"ಗಟ್ಟಿ ಹಿಡೀಬಾರದು. ಗಟ್ಟಿ ಹಿಡಿದ್ರ ಕೈ ಜಿದ್ದಿಗೆ ಬೀಳ್ತೈತಿ. ಅದು ನಡುಗಿದಂಗ ಮೊದಲ ನಾವೂ ನಡಗಬೇಕು. ಆಮ್ಯಾಲ ಸಾವಕಾಶ ನಾವು ಕಮ್ಮಿ ಮಾಡ್ಕೋತ ಬರಬೇಕು. ಅದೂ ಕಮ್ಮಿ ಆಗ್ತೈತಿ."

ಆ ಕೈ ಬೆಚ್ಚಗಿತ್ತು. ಅಂಗಳದ ತುಂಬ ತುಂಬಿದ ವಾಟೆ ಹಿಡಿದು ನಡೆದ ಹುಡುಗಿಗೆ ಇದು ಗೊತ್ತಿರಲಿಲ್ಲ. ನಾನು ಹಿಡಿದಿದ್ದರೆ ಮೊದಲ ದಿನವೇ ಬೀಳುತ್ತಿತ್ತು. ನನ್ನ ಕೈ ನಡುಗುವ ಕೈಯಲ್ಲ, ಆದರೂ ಅವಳ ಅಂಗೈ ಮೇಲೆ ಅದು ಇನ್ನಷ್ಟು ನಿಂತಂತಾಯಿತು. ಆಯಿ ದಿನಾ ಕೂರುತ್ತಿದ್ದ ಹಾಗೆ, ಹಿಡಿಸಿಕೊಳ್ಳುವ ಕಡೆಗೆ ಈಗ ನಾನು ಕೂತಿದ್ದೆ. ನನಗೆ ಬೇಕಿದ್ದದ್ದು ಈ ಕಡೆಯಲ್ಲ, ಆ ಕಡೆ.

"ಈಗ ನಿನ್ನ ಕೈ ಕೊಡು" ಅಂದೆ. "ನಾ ಹಿಡೀತೇನಿ."

ಕಸ್ತೂರಿ ನಕ್ಕಳು.

"ಹುಚ್ಚಿ, ನನ್ನ ಕೈಗೇನಾಗೇತಿ?"

ಎಂದು ಎರಡೂ ತಾಟು ಎತ್ತಿಕೊಂಡು ತೊಳೆಯಲು ಬಚ್ಚಲ ಕಡೆ ಹೋದಳು. ನನ್ನ ಎಡಗೈ, ಅವಳು ಬಿಟ್ಟ ಹಾಗೆಯೇ, ಅಂಗೈ ಮೇಲಾಗಿ ಇತ್ತು.